ಊರಿನ ಶಾಸನ, ವೀರಗಲ್ಲುಗಳಿಗೊಂದು ಜಾಲತಾಣ: ಹ್ಯೂಗೋ ಬಳಸಿ ಕಟ್ಟುವ ಕ್ರಮ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕೆರೆಯ ಏರಿ, ಈಶ್ವರನ ಗುಡಿ ಅಥವಾ ಊರ ಬಾಗಿಲ ಬಳಿ ವೀರಗಲ್ಲನ್ನೋ (ಕಾಳಗದಲ್ಲಿ ಮಡಿದವರ ನೆನಪಿನ ಕಲ್ಲು) ಮಾಸ್ತಿಕಲ್ಲನ್ನೋ (ಸತಿ ಹೋದವರ ನೆನಪಿನ ಕಲ್ಲು) ಕಾಣುವುದು ಅಪರೂಪವಲ್ಲ. ಶಾಸನತಜ್ಞ ಬಿ. ಎಲ್. ರೈಸ್ ಅವರು ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಕಡೂರು ಸಂಪುಟವನ್ನು 1901ರಲ್ಲಿಯೂ ಹಾಸನ ಸಂಪುಟವನ್ನು 1902ರಲ್ಲಿಯೂ ಹೊರತಂದರು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದು ಹೆಸರಿತ್ತು. ಆದರೆ ಸುಮಾರು ಕ್ರಿ.ಶ. 450ರದೆಂದು ಎಣಿಸಲಾಗುವ, ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು ವಿದ್ವಾಂಸರ ಗಮನಕ್ಕೆ ಬಂದದ್ದು 1936ರಲ್ಲಿ, ಅಂದರೆ ಹಾಸನ ಸಂಪುಟ ಅಚ್ಚಾಗಿ ಮೂರು ದಶಕಗಳು ಕಳೆದ ಮೇಲೆ. ಶಾಸನಗಳ ದಾಖಲೆ ಒಮ್ಮೆ ಬರೆದು ಮುಚ್ಚಿಡುವಂಥದ್ದಲ್ಲ. ಒಬ್ಬರು ಬರೆದುದಕ್ಕೆ ಮುಂದಿನವರು ಸೇರಿಸುತ್ತ ಹೋಗಬೇಕಾದದ್ದು. ಕಲ್ಲು ಈಗ ಎಲ್ಲಿ ನಿಂತಿದೆ, ಎಷ್ಟು ಸವೆದಿದೆ, ಅದರ ಬಗ್ಗೆ ಊರವರು ಏನು ಹೇಳುತ್ತಾರೆ ಎಂಬುದನ್ನು ಅಲ್ಲಿಯೇ ಇರುವ ಮೇಷ್ಟ್ರು, ವಿದ್ಯಾರ್ಥಿ ಅಥವಾ ಇತಿಹಾಸಾಸಕ್ತರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಂಥವರು ಹಣ ಖರ್ಚಿಲ್ಲದೆ, ಬೇರೆಯವರ ಕೈಗೂ ಸುಲಭವಾಗಿ ದಾಟಿಸಬಹುದಾದ ಜಾಲತಾಣವೊಂದನ್ನು ಹ್ಯೂಗೋ ಎಂಬ ತಂತ್ರಾಂಶದಿಂದ ಕಟ್ಟಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಈ ಕೆಲಸಕ್ಕೆ ವರ್ಡ್‌ಪ್ರೆಸ್‌ನಂಥ ವ್ಯವಸ್ಥೆಗಿಂತ ಸ್ಟ್ಯಾಟಿಕ್ ಸೈಟ್ ಜನರೇಟರ್ ಹೆಚ್ಚು ಸೂಕ್ತವೆಂಬುದು ನನ್ನ ದೃಢವಾದ ಅಭಿಪ್ರಾಯ. ವರ್ಡ್‌ಪ್ರೆಸ್‌ನಲ್ಲಿ ಬರಹಗಳು ಸರ್ವರ್‌ನ ಡೇಟಾಬೇಸ್‌ನಲ್ಲಿರುತ್ತವೆ. ಓದುಗರು ಪುಟವನ್ನು ಕೇಳಿದಾಗ ಸರ್ವರ್ ಅದನ್ನು ಜೋಡಿಸಿ ಕಳಿಸುತ್ತದೆ. ಆ ತಂತ್ರಾಂಶವನ್ನೂ ಅದರ ಪ್ಲಗಿನ್‌ಗಳನ್ನೂ ಸದಾ ನವೀಕರಿಸುತ್ತಿರಬೇಕು, ಹೋಸ್ಟಿಂಗ್‌ಗೆ ವರ್ಷವರ್ಷವೂ ಹಣ ಕಟ್ಟಬೇಕು, ಕಟ್ಟುವುದನ್ನು ಮರೆತರೆ ತಾಣವೇ ಮಾಯವಾಗಬಹುದು. ಸ್ಟ್ಯಾಟಿಕ್ ತಾಣದಲ್ಲಿ ನೀವು ಬರೆದ ಸಾದಾ ಪಠ್ಯದ ಫೈಲ್‌ಗಳು ನಿಮ್ಮ ಗಣಕದಲ್ಲಿಯೇ ಇರುತ್ತವೆ, ಜನರೇಟರ್ ಅವುಗಳನ್ನು ಒಮ್ಮೆಗೇ ಎಚ್‌ಟಿಎಂಎಲ್ ಪುಟಗಳನ್ನಾಗಿ ಮಾಡಿಕೊಡುತ್ತದೆ, ಸರ್ವರ್ ಅವುಗಳನ್ನು ಇದ್ದಂತೆಯೇ ಕಳಿಸುತ್ತದೆ. ಡೇಟಾಬೇಸ್ ಇಲ್ಲ, ಕದಿಯಲು ಲಾಗಿನ್ ಪುಟವಿಲ್ಲ. ಪುಟಗಳು ಹಗುರವಾಗಿರುವುದರಿಂದ ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಸಿಗ್ನಲ್ ಕುಂದಿದಾಗಲೂ ತೆರೆದುಕೊಳ್ಳುತ್ತವೆ.

ಇಂಥ ಜನರೇಟರ್‌ಗಳು ಹಲವಿವೆ. 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಆರಂಭಿಸಿದ ಜೆಕಿಲ್‌ಗೆ ರೂಬಿ ಭಾಷೆಯ ಸಲಕರಣೆಗಳು ಬೇಕು, ಇಲೆವೆಂಟಿಗೆ ನೋಡ್ ಬೇಕು. 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಆರಂಭಿಸಿದ, ಗೋ ಭಾಷೆಯಲ್ಲಿ ಬರೆದ ಹ್ಯೂಗೋ ಒಂದೇ ಒಂದು ಫೈಲಿನ ರೂಪದಲ್ಲಿ ಸಿಗುತ್ತದೆ. ಅದು ಓಡಲು ಬೇರೇನನ್ನೂ ಸ್ಥಾಪಿಸಬೇಕಿಲ್ಲ. ಶಾಲೆಯ ಹಳೆಯ ಗಣಕದಲ್ಲಿಯೂ ನಡೆಯಬೇಕು, ಮುಂದೆ ಇನ್ನೊಬ್ಬರು ಕೈಗೆತ್ತಿಕೊಳ್ಳುವಂತಿರಬೇಕು ಎಂಬ ಕಾರಣಕ್ಕೆ ಇಲ್ಲಿ ಹ್ಯೂಗೋವನ್ನೇ ಆರಿಸಿಕೊಂಡಿದ್ದೇನೆ.

ಸಿದ್ಧತೆ

ವಿಂಡೋಸ್ ಗಣಕವಾದರೆ ಕಮ್ಯಾಂಡ್ ಟೈಪಿಸುವ ಕಿಟಕಿಯಾದ ಪವರ್‌ಶೆಲ್ ತೆರೆದು, ತಂತ್ರಾಂಶಗಳನ್ನು ಸ್ಥಾಪಿಸುವ ವಿಂಗೆಟ್ ಮೂಲಕ ಹ್ಯೂಗೋವನ್ನು ಸ್ಥಾಪಿಸಬಹುದು. ಇಲ್ಲವೇ ಹ್ಯೂಗೋದ ಬಿಡುಗಡೆಯ ಪುಟದಿಂದ ಜಿಪ್ ಫೈಲನ್ನು ಇಳಿಸಿಕೊಳ್ಳಬಹುದು. ಎಕ್ಸ್‌ಟೆಂಡೆಡ್ ಎಂಬ ಆವೃತ್ತಿಯನ್ನೇ ಆರಿಸಿ, ಏಕೆಂದರೆ ಹಲವು ಥೀಮ್‌ಗಳು ಅದನ್ನು ಬಯಸುತ್ತವೆ. ಉಬುಂಟು ಬಳಸುವವರಿಗೆ ಅದರದೇ ಭಂಡಾರದಲ್ಲಿ ಸಿಗುವ ಹ್ಯೂಗೋ ಸಾಮಾನ್ಯವಾಗಿ ಹಳೆಯದಾಗಿರುತ್ತದೆ. ಅವರು ಬಿಡುಗಡೆಯ ಪುಟದಿಂದಲೇ ಪಡೆಯುವುದು ಒಳ್ಳೆಯದು. ಜೊತೆಗೆ, ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶ ಬೇಕು. ಬರೆಯಲು ನೋಟ್‌ಪ್ಯಾಡ್ ಅಥವಾ ವಿಎಸ್ ಕೋಡ್ ಸಾಕು. ಎಂಎಸ್ ವರ್ಡ್ ಬೇಡ. ಫೈಲುಗಳು ಯುಟಿಎಫ್-8 ಎನ್‌ಕೋಡಿಂಗ್‌ನ ಸಾದಾ ಪಠ್ಯವಾಗಿರಬೇಕು.

ಇಲ್ಲಿ ಹೇಳುವ ಕಮ್ಯಾಂಡ್‌ಗಳನ್ನೂ ಸೆಟ್ಟಿಂಗ್‌ಗಳ ಹೆಸರುಗಳನ್ನೂ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಗಣಕದಲ್ಲಿ ಅವುಗಳನ್ನು ರೋಮನ್ ಲಿಪಿಯಲ್ಲಿಯೇ ಟೈಪಿಸಬೇಕು. ಮೊದಲಿಗೆ "ಹ್ಯೂಗೋ ನ್ಯೂ ಸೈಟ್" ಎಂದು ಕೊಟ್ಟು, ಅದರ ಮುಂದೆ ನಿಮ್ಮ ತಾಣದ ಫೋಲ್ಡರಿಗೆ ಒಂದು ಹೆಸರನ್ನು ಕೊಡಿ. ಆಗ ಸಿದ್ಧವಾಗುವ ಫೋಲ್ಡರಿನಲ್ಲಿ ಕಂಟೆಂಟ್, ಲೇಔಟ್ಸ್, ಸ್ಟ್ಯಾಟಿಕ್, ಥೀಮ್ಸ್, ಆರ್ಕಿಟೈಪ್ಸ್ ಮೊದಲಾದ ಒಳಫೋಲ್ಡರುಗಳೂ ಹ್ಯೂಗೋ ಡಾಟ್ ಟಾಮಲ್ ಎಂಬ ಸೆಟ್ಟಿಂಗ್ ಫೈಲೂ ಇರುತ್ತವೆ. ಬರಹವೆಲ್ಲ ಕಂಟೆಂಟ್‌ನಲ್ಲಿ, ಪುಟದ ಅಚ್ಚು (ಟೆಂಪ್ಲೇಟ್) ಲೇಔಟ್ಸ್‌ನಲ್ಲಿ, ಫಾಂಟ್‌ನಂತಹ ಬದಲಾಗದ ಫೈಲುಗಳು ಸ್ಟ್ಯಾಟಿಕ್‌ನಲ್ಲಿ.

ಥೀಮ್ (ಪುಟಗಳ ಸಿದ್ಧ ವಿನ್ಯಾಸ) ಇಲ್ಲವೇ ನೀವೇ ಬರೆದ ಅಚ್ಚುಗಳಿಲ್ಲದೆ ಹ್ಯೂಗೋ ಏನನ್ನೂ ತೋರಿಸುವುದಿಲ್ಲ. ಥೀಮನ್ನು ಆರಿಸುವಾಗ ಅಂದಕ್ಕಿಂತ ಮೊದಲು ಅದು ಇತ್ತೀಚಿನವರೆಗೆ ನವೀಕರಣಗೊಂಡಿದೆಯೇ, ಹೊರಗಿನ ಸರ್ವರ್‌ಗಳಿಂದ ಫಾಂಟು, ಸ್ಕ್ರಿಪ್ಟುಗಳನ್ನು ಎಳೆದು ತರುತ್ತದೆಯೇ ಎಂಬುದನ್ನು ನೋಡಿ, ತರುವಂಥದ್ದಾದರೆ ಬಿಟ್ಟುಬಿಡಿ. ಆರಿಸಿದ ಥೀಮನ್ನು ಥೀಮ್ಸ್ ಫೋಲ್ಡರಿಗೆ ಹಾಕಿ ಅದರ ಹೆಸರನ್ನು ಸೆಟ್ಟಿಂಗ್ ಫೈಲಿನಲ್ಲಿ ನಮೂದಿಸಬೇಕು. ಥೀಮಿನ ಒಳಗಿನ ಫೈಲುಗಳನ್ನು ಮಾತ್ರ ಎಂದಿಗೂ ತಿದ್ದಬೇಡಿ. ಬದಲಿಸಬೇಕಾದ ಫೈಲಿನ ಪ್ರತಿಯೊಂದನ್ನು ನಿಮ್ಮದೇ ಲೇಔಟ್ಸ್ ಫೋಲ್ಡರಿನಲ್ಲಿ ಅದೇ ದಾರಿಯಲ್ಲಿ, ಅದೇ ಹೆಸರಿನಲ್ಲಿ ಇಟ್ಟರೆ ಹ್ಯೂಗೋ ಥೀಮಿನದನ್ನು ಬಿಟ್ಟು ನಿಮ್ಮದನ್ನೇ ಬಳಸುತ್ತದೆ. ಹೀಗಾಗಿ ಥೀಮನ್ನು ಮುಂದೆ ನವೀಕರಿಸಿದರೂ ನಿಮ್ಮ ತಿದ್ದುಪಡಿಗಳು ಉಳಿಯುತ್ತವೆ.

ಸೆಟ್ಟಿಂಗ್ ಫೈಲಿನಲ್ಲಿ ತಾಣದ ಶೀರ್ಷಿಕೆ, ವಿಳಾಸ, ಮತ್ತು ಭಾಷೆಯ ಸಂಕೇತವಾದ "ಕೆಎನ್" ಇರಲಿ. ಆಮೇಲೆ ಬ್ರೌಸರಿನಲ್ಲಿ ಪುಟದ ಮೂಲವನ್ನು ತೆರೆದು, ಎಚ್‌ಟಿಎಂಎಲ್ ಟ್ಯಾಗಿನಲ್ಲಿಯೂ ಕೆಎನ್ ಎಂದೇ ಬಂದಿದೆಯೇ ಎಂದು ನೋಡಬೇಕು. ಕೆಲವು ಥೀಮ್‌ಗಳು ಅಲ್ಲಿ ಇಂಗ್ಲಿಷ್ ಎಂದೇ ಬರೆದಿಟ್ಟಿರುತ್ತವೆ. ದೃಷ್ಟಿಹೀನರಿಗೆ ಪುಟವನ್ನು ಓದಿಹೇಳುವ ತಂತ್ರಾಂಶಗಳು ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಲು ಈ ಗುರುತನ್ನೇ ನೋಡುವುದರಿಂದ ಇದನ್ನು ಸಣ್ಣ ವಿಷಯವೆಂದು ಬಿಡಬಾರದು. "ಹ್ಯೂಗೋ ಸರ್ವರ್" ಎಂಬ ಕಮ್ಯಾಂಡ್ ಕೊಟ್ಟರೆ ತಾಣವು ನಿಮ್ಮ ಗಣಕದಲ್ಲಿಯೇ ಲೋಕಲ್‌ಹೋಸ್ಟ್ 1313 ಎಂಬ ವಿಳಾಸದಲ್ಲಿ ತೆರೆಯುತ್ತದೆ, ಮತ್ತು ಫೈಲನ್ನು ಉಳಿಸಿದ ಕೂಡಲೇ ಪುಟವೂ ಬದಲಾಗುತ್ತದೆ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ.

ಒಂದು ಕಲ್ಲಿಗೆ ಒಂದು ಫೋಲ್ಡರ್

ಇಡೀ ತಾಣದ ಬಾಳಿಕೆ ನಿಂತಿರುವುದು ಈ ಹಂತದಲ್ಲಿ. ಇಲ್ಲಿ ಆತುರ ಪಡಬಾರದು. ಒಂದು ಊರಿನ ಕಲ್ಲುಗಳನ್ನೆಲ್ಲ ಒಂದೇ ಪುಟದಲ್ಲಿ ತುಂಬುವ ಬದಲು ಪ್ರತಿಯೊಂದು ಶಾಸನಕ್ಕೂ, ಪ್ರತಿಯೊಂದು ವೀರಗಲ್ಲಿಗೂ ಪ್ರತ್ಯೇಕವಾದ ಫೋಲ್ಡರನ್ನು ಮಾಡಿ, ಅದರಲ್ಲಿ ಇಂಡೆಕ್ಸ್ ಡಾಟ್ ಎಂಡಿ ಎಂಬ ಬರಹದ ಫೈಲನ್ನೂ ಆ ಕಲ್ಲಿನ ಚಿತ್ರಗಳನ್ನೂ ಒಟ್ಟಿಗೆ ಇಡಿ. ಹ್ಯೂಗೋದಲ್ಲಿ ಇದನ್ನು ಪೇಜ್ ಬಂಡಲ್ ಎನ್ನುತ್ತಾರೆ. ನಾಳೆ ಹ್ಯೂಗೋವೇ ಬಳಕೆಯಿಂದ ಹೋದರೂ ಆ ಫೋಲ್ಡರನ್ನು ತೆರೆದವರಿಗೆ ಕಲ್ಲಿನ ಪೂರ್ತಿ ವಿವರ ಒಂದೇ ಕಡೆ ಸಿಗುತ್ತದೆ.

ಫೋಲ್ಡರಿನ ಹೆಸರನ್ನು ರೋಮನ್ ಲಿಪಿಯಲ್ಲಿ, ಸಣ್ಣಕ್ಷರಗಳಲ್ಲಿ ಬರೆಯಿರಿ. ಪುಟದ ಶೀರ್ಷಿಕೆ ಮಾತ್ರ ಕನ್ನಡದಲ್ಲಿರಲಿ. ಕನ್ನಡದ ಮೇಲಿನ ಅಭಿಮಾನದಿಂದ ವಿಳಾಸವನ್ನೂ ಕನ್ನಡದಲ್ಲಿಡಬೇಕೆನಿಸುವುದು ಸಹಜ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕಾಗಿ, ವಿಳಾಸವನ್ನು ಪ್ರತಿಮಾಡಿ ಕಳಿಸುವಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆಯೊಂದಿಗೆ ಮೂರು ಅಕ್ಷರಗಳಾಗಿ ಒಡೆಯುತ್ತದೆ. "ವೀರಗಲ್ಲು" ಎಂಬ ಪದದಲ್ಲಿ ಒತ್ತು, ಸ್ವರಚಿಹ್ನೆಗಳೂ ಸೇರಿ ಎಂಟು ಸಂಕೇತಗಳಿರುವುದರಿಂದ ಅದೊಂದೇ ಪದವು ವಾಟ್ಸ್‌ಆ್ಯಪ್ ಸಂದೇಶದಲ್ಲಿ 72 ಅಕ್ಷರಗಳ ಗೊಂದಲವಾಗಿ ಕಾಣಿಸಬಹುದು. ನೋಡಿದವರು ಅದನ್ನು ಮೋಸದ ಕೊಂಡಿಯೆಂದು ಒತ್ತದೆ ಬಿಡುತ್ತಾರೆ.

ಇಂಡೆಕ್ಸ್ ಫೈಲಿನ ತಲೆಯಲ್ಲಿ ಬರುವ ವಿವರಗಳ ಪಟ್ಟಿಗೆ ಫ್ರಂಟ್ ಮ್ಯಾಟರ್ ಎಂದು ಹೆಸರು. ಶೀರ್ಷಿಕೆ, ಪುಟ ಬರೆದ ದಿನಾಂಕ, ಕರಡು ಹೌದೋ ಅಲ್ಲವೋ ಎಂಬ ಗುರುತು ಇವು ಹ್ಯೂಗೋಗೆ ಬೇಕಾದವು. ಇವುಗಳ ಜೊತೆಗೆ ನಮಗೆ ಬೇಕಾದವನ್ನು ನಾವೇ ಸೇರಿಸಬಹುದು: ತಾಲ್ಲೂಕು, ಹೋಬಳಿ, ಊರು, ಕಾಲ, ರಾಜವಂಶ, ಕಲ್ಲಿನ ಬಗೆ, ಅಳತೆ, ಈಗಿನ ಸ್ಥಿತಿ, ಕೊನೆಯದಾಗಿ ನೋಡಿದ ದಿನ, ಮತ್ತು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ತಾಲ್ಲೂಕುವಾರು ಕೊಟ್ಟಿರುವ ಸಂಖ್ಯೆ. ಈ ಕೊನೆಯದರಲ್ಲಿ ಆವೃತ್ತಿಯನ್ನೂ ಹೇಳಲೇಬೇಕು. ರೈಸ್ ಅವರ ಆವೃತ್ತಿಯಲ್ಲಿ ಹಾಸನ ಜಿಲ್ಲೆಯದು ಐದನೆಯ ಸಂಪುಟ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ವಿಂಗಡಣೆಯೇ ಬೇರೆ. ಆವೃತ್ತಿ ಹೇಳದ ಸಂಖ್ಯೆಯಿಂದ ಮುಂದಿನ ಸಂಶೋಧಕರು ತಪ್ಪು ಶಾಸನವನ್ನು ತೆರೆಯುವಂತಾಗುತ್ತದೆ.

ಕಾಲವನ್ನು ಬರೆಯುವಾಗಲೂ ಎಚ್ಚರ ಬೇಕು. ಶಾಸನದ ಕಾಲವನ್ನು ಹ್ಯೂಗೋದ ದಿನಾಂಕದ ಜಾಗದಲ್ಲಿ ಹಾಕಬಾರದು. ಆ ಜಾಗ ಪುಟವನ್ನು ಬರೆದ ದಿನಕ್ಕೆ ಮೀಸಲು. ಶಾಸನದ ಕಾಲಕ್ಕೆ ಬೇರೆ ಹೆಸರಿನ ಜಾಗ ಮಾಡಿ, ಕಲ್ಲಿನಲ್ಲಿದ್ದಂತೆ ಶಕವರ್ಷ ಮತ್ತು ಸಂವತ್ಸರವನ್ನು ಮೊದಲು ಬರೆದು, ಆಮೇಲೆ ಕ್ರಿಸ್ತಶಕವನ್ನು ಕೊಡಿ. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆಯ ಶಕ 1039ಕ್ಕೆ 78ನ್ನು ಸೇರಿಸಿದರೆ 1117 ಬರುತ್ತದೆ. ಆದರೆ ಶಕವರ್ಷ ಚೈತ್ರದಿಂದ ಆರಂಭವಾಗುವುದರಿಂದ, ಪುಷ್ಯ, ಮಾಘ, ಫಾಲ್ಗುಣಗಳ ತೇದಿಗಳು ಎಷ್ಟೋ ಸಲ ಮುಂದಿನ ಕ್ರಿಸ್ತವರ್ಷಕ್ಕೆ ಬೀಳುತ್ತವೆ. ಕಾಲ ಹೇಳದ ಕಲ್ಲಾದರೆ "ಲಿಪಿಯ ಆಧಾರದಿಂದ ಸುಮಾರು 12ನೆಯ ಶತಮಾನ" ಎಂಬಂತೆ ಆಧಾರವನ್ನೂ ಸೇರಿಸಿ ಬರೆಯಬೇಕು.

ಈ ಜಾಗಗಳ ಖಾಲಿ ನಮೂನೆಯೊಂದನ್ನು ಆರ್ಕಿಟೈಪ್ಸ್ ಫೋಲ್ಡರಿನಲ್ಲಿ ಇಟ್ಟುಬಿಟ್ಟರೆ, ಹೊಸ ಪುಟವನ್ನು ಮಾಡಿದಾಗಲೆಲ್ಲ ಹ್ಯೂಗೋ ಅದನ್ನೇ ತುಂಬಿಕೊಡುತ್ತದೆ. ಹಲವರು ಸೇರಿ ಬರೆಯುವಾಗ ಒಬ್ಬರು ಅಡಿಯಲ್ಲಿ, ಇನ್ನೊಬ್ಬರು ಸೆಂಟಿಮೀಟರಿನಲ್ಲಿ ಅಳತೆ ಕೊಡುವ ತೊಂದರೆ ಇದರಿಂದ ತಪ್ಪುತ್ತದೆ.

ತಾಲ್ಲೂಕು, ರಾಜವಂಶ, ಕಲ್ಲಿನ ಬಗೆ ಇವುಗಳನ್ನು ಸೆಟ್ಟಿಂಗ್ ಫೈಲಿನಲ್ಲಿ ಟ್ಯಾಕ್ಸಾನಮಿಗಳೆಂದು (ವಿಂಗಡಣೆಯ ಗುಂಪುಗಳೆಂದು) ಘೋಷಿಸಿದರೆ, ಬೇಲೂರು ತಾಲ್ಲೂಕಿನ ಕಲ್ಲುಗಳೆಲ್ಲ ಒಂದು ಪುಟದಲ್ಲಿ, ಹೊಯ್ಸಳರ ಕಾಲದವೆಲ್ಲ ಇನ್ನೊಂದರಲ್ಲಿ, ತುರುಗಾಳಗದಲ್ಲಿ ಮಡಿದವರ ವೀರಗಲ್ಲುಗಳೆಲ್ಲ ಮತ್ತೊಂದರಲ್ಲಿ ತಾವಾಗಿಯೇ ಸಂಗ್ರಹವಾಗುತ್ತವೆ. ಊರಳಿವು (ಊರಿನ ನಾಶವನ್ನು ತಡೆಯುವ ಕಾಳಗ), ಪೆಣ್ಬುಯ್ಯಲ್ (ಹೆಣ್ಣಿನ ಮಾನ ಕಾಯುವ ಕಾಳಗ) ಎಂಬ ಬಗೆಗಳನ್ನೂ ಹೀಗೆಯೇ ಬೇರ್ಪಡಿಸಬಹುದು. ಇಲ್ಲಿಯೂ ಫೋಲ್ಡರಿನ ವಿಷಯದಲ್ಲಿ ಹೇಳಿದ ಕ್ರಮವನ್ನೇ ಅನುಸರಿಸಿ: ಪದವನ್ನು ರೋಮನ್‌ನಲ್ಲಿ ಬರೆದು, ಆ ಪದದ ಪುಟಕ್ಕೆ ಕನ್ನಡದ ಶೀರ್ಷಿಕೆಯನ್ನು ಕೊಡಿ.

ಪಾಠವನ್ನು ಬರೆಯುವುದು

ಬರಹದ ಭಾಗವನ್ನು ಮಾರ್ಕ್‌ಡೌನ್‌ನಲ್ಲಿ ಬರೆಯಬೇಕು. ಜಾನ್ ಗ್ರೂಬರ್ 2004ರಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಶೀರ್ಷಿಕೆಗೆ # ಚಿಹ್ನೆ, ಒತ್ತಿಹೇಳಲು * ಚಿಹ್ನೆ, ಹೀಗೆ ಕೆಲವೇ ನಿಯಮಗಳಿವೆ; ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಆದರೆ ಶಾಸನಪಾಠಕ್ಕೆ ಅದು ಮೂರು ಕಡೆ ತೊಡಕು ಮಾಡುತ್ತದೆ. ಶಾಸನವನ್ನು ಸಾಲುಸಾಲಾಗಿಯೇ ಕೊಡಬೇಕು, ಮಾರ್ಕ್‌ಡೌನ್ ಮಾತ್ರ ಒಂದರ ಕೆಳಗೊಂದು ಬರೆದ ಸಾಲುಗಳನ್ನು ಕೂಡಿಸಿ ಒಂದೇ ಕಂಡಿಕೆ ಮಾಡಿಬಿಡುತ್ತದೆ. ಸಾಲಿನ ಮೊದಲಿಗೆ ಅಂಕಿ ಮತ್ತು ಚುಕ್ಕಿ ಹಾಕಿದರೆ ಅದನ್ನು ಪಟ್ಟಿಯೆಂದು ತಿಳಿದು ತಾನೇ ಅಂಕಿಗಳನ್ನು ಹಾಕುತ್ತದೆ. ನಡುವಿನ ಮೂರು ಸಾಲುಗಳು ಸವೆದುಹೋಗಿ ಸಂಖ್ಯೆ ಹಾರಿದ್ದರೆ ಅದನ್ನು ಮರುಮಾತಿಲ್ಲದೆ ಸರಿಪಡಿಸಿಬಿಡುತ್ತದೆ, ನಮಗೆ ಬೇಕಾದದ್ದು ಆ ಹಾರಿದ ಸಂಖ್ಯೆಯೇ. ಮೂರನೆಯದಾಗಿ, ಬಿಟ್ಟುಹೋದ ಅಕ್ಷರವನ್ನು ಸಂಪಾದಕರು ಸೇರಿಸಿದ್ದಾರೆಂದು ತೋರಿಸಲು ಚೌಕಕಂಸದೊಳಗೆ ಬಳಸುವ * ಚಿಹ್ನೆ ಎರಡು ಕಡೆ ಬಂದರೆ, ನಡುವಿನ ಪಾಠವೆಲ್ಲ ಓರೆಯಕ್ಷರವಾಗಿ ಚಿಹ್ನೆಗಳು ಮಾಯವಾಗಬಹುದು; ಆಗ ಪಾಠ ಯಾವುದು, ಊಹೆ ಯಾವುದು ಎಂಬ ಗೆರೆಯೇ ಅಳಿಸಿಹೋಗುತ್ತದೆ.

ಇದಕ್ಕೆ ಅತ್ಯಂತ ಭದ್ರವಾದ ಪರಿಹಾರವೆಂದರೆ ಶಾಸನಪಾಠದ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ (`) ಚಿಹ್ನೆಗಳಿರುವ ಸಾಲನ್ನು ಇಡುವುದು. ಹಾಗೆ ಇಟ್ಟ ಭಾಗವನ್ನು ಮಾರ್ಕ್‌ಡೌನ್ ಮುಟ್ಟದೆ, ಸಾಲು, ಅಂಕಿ, ಚಿಹ್ನೆಗಳನ್ನು ಬರೆದಂತೆಯೇ ತೋರಿಸುತ್ತದೆ. ಇಂಥ ಭಾಗಕ್ಕೆ ಬ್ರೌಸರುಗಳು ಪ್ರೋಗ್ರಾಂ ಬರೆಯುವ ಫಾಂಟನ್ನು ಬಳಸುವುದರಿಂದ, ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಫೈಲಿನಲ್ಲಿ ಅದಕ್ಕೂ ಕನ್ನಡದ ಫಾಂಟನ್ನೇ ಗೊತ್ತುಮಾಡಿ, ಉದ್ದದ ಸಾಲು ಮೊಬೈಲಿನ ಅಂಚಿನಲ್ಲಿ ಮಡಿಯುವಂತೆ ಮಾಡಿ.

ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿಟ್ಟ ಲೇಖನಗಳು ಅನೇಕರ ಬಳಿ ಇವೆ. ಅವು ಯುನಿಕೋಡ್ ಅಲ್ಲ. ಜಾಲತಾಣದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳನ್ನು ಮೂಲದೊಂದಿಗೆ ಹೋಲಿಸಿ ಕಣ್ಣಾರೆ ತಿದ್ದಬೇಕು. ಶಾಸನಗಳಲ್ಲಿ ಬರುವ ಱ ಮತ್ತು ೞ ಯುನಿಕೋಡ್‌ನಲ್ಲಿ ಇವೆ; ಅವುಗಳ ಬದಲು ರ, ಳ ಬರೆದು ಮುಗಿಸಬಾರದು.

ಅಕ್ಷರದ ರೂಪ

ಹೆಚ್ಚಿನ ಥೀಮ್‌ಗಳನ್ನು ರೋಮನ್ ಲಿಪಿಯನ್ನು ಎದುರಿಗಿಟ್ಟುಕೊಂಡು ಮಾಡಿರುತ್ತಾರೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7 ಅಥವಾ 1.8 ಪಟ್ಟು ಇಡಬೇಕು, ಅಕ್ಷರದ ಗಾತ್ರ 18 ಪಿಕ್ಸೆಲ್‌ಗಿಂತ ಕಡಿಮೆ ಇರಬಾರದು. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಸೂಚನೆಯಿದ್ದರೆ ಅಳಿಸಿಬಿಡಿ. ಓರೆಯಕ್ಷರ ಕನ್ನಡದ ಮುದ್ರಣ ಸಂಪ್ರದಾಯದ್ದಲ್ಲ. ಕನ್ನಡ ಫಾಂಟಿನಲ್ಲಿ ಅದಿಲ್ಲದಾಗ ಬ್ರೌಸರು ನೆಟ್ಟಗಿನ ಅಕ್ಷರವನ್ನೇ ವಾಲಿಸಿ ತೋರಿಸುತ್ತದೆ. ಆದ್ದರಿಂದ ಉದ್ಧರಣೆಗಳಿಗೆ ಓರೆಯ ಬದಲು ಪಕ್ಕದಲ್ಲಿ ಗೆರೆಯೊಂದನ್ನೋ ಹಿನ್ನೆಲೆಗೆ ತಿಳಿಬಣ್ಣವನ್ನೋ ಕೊಡುವುದು ಮೇಲು.

ಫಾಂಟಾಗಿ ನೋಟೋ ಸೆರಿಫ್ ಕನ್ನಡ ಅಥವಾ ನೋಟೋ ಸ್ಯಾನ್ಸ್ ಕನ್ನಡ ಸಾಕು. ಎರಡೂ ಮುಕ್ತ ಪರವಾನಗಿಯಲ್ಲಿವೆ, ಹಾಗಾಗಿ ನಿಮ್ಮ ಸ್ಟ್ಯಾಟಿಕ್ ಫೋಲ್ಡರಿನಲ್ಲಿಯೇ ಇಟ್ಟುಕೊಳ್ಳಬಹುದು. ಯಾವ ಫಾಂಟನ್ನೇ ಆರಿಸಿದರೂ ಱ, ೞ, ॥ ಇವು ಸರಿಯಾಗಿ ಮೂಡುತ್ತವೆಯೇ ಎಂದು ಒಂದು ಪುಟದಲ್ಲಿ ಬರೆದು, ಗಣಕ ಮತ್ತು ಮೊಬೈಲ್ ಎರಡರಲ್ಲಿಯೂ ನೋಡಿ.

ಹ್ಯೂಗೋ ಪುಟದ ಮೊದಲ 70 ಪದಗಳನ್ನು ಸಾರಾಂಶವಾಗಿ ಎತ್ತಿಕೊಳ್ಳುತ್ತದೆ, ಮತ್ತು ನಿಮಿಷಕ್ಕೆ 213 ಪದಗಳ ಲೆಕ್ಕದಲ್ಲಿ ಓದುವ ಅವಧಿಯನ್ನು ಹೇಳುತ್ತದೆ. ವಿಭಕ್ತಿ, ಸಂಧಿ, ಸಮಾಸಗಳಿಂದ ಉದ್ದವಾಗುವ ನಮ್ಮ ಪದಗಳಿಗೆ ಈ ಎರಡು ಲೆಕ್ಕಗಳೂ ಒಗ್ಗುವುದಿಲ್ಲ. ಸಾರಾಂಶವನ್ನು ಫ್ರಂಟ್ ಮ್ಯಾಟರ್‌ನಲ್ಲಿ ನೀವೇ ಎರಡು ವಾಕ್ಯಗಳಲ್ಲಿ ಬರೆಯಿರಿ, ಓದುವ ಅವಧಿಯನ್ನು ಟೆಂಪ್ಲೇಟಿನಿಂದ ತೆಗೆದುಹಾಕಿ.

ಚಿತ್ರಗಳು

ವೀರಗಲ್ಲಿನ ಪಟ್ಟಿಕೆಗಳು, ಅಂದರೆ ಕೆಳಗಿನ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಎದ್ದು ಕಾಣುತ್ತವೆ. ಅಕ್ಷರ ಕಾಣಲೆಂದು ಸುಣ್ಣವನ್ನೋ ಸೀಮೆಸುಣ್ಣದ ಪುಡಿಯನ್ನೋ ಕಲ್ಲಿಗೆ ಬಳಿಯಬಾರದು. ಪೂರ್ತಿ ಕಲ್ಲಿನದೊಂದು, ಪಟ್ಟಿಕೆಗೊಂದೊಂದು, ಅಳತೆಪಟ್ಟಿ ಇಟ್ಟು ತೆಗೆದದ್ದೊಂದು ಇದ್ದರೆ ಸಾಕು.

ಮೊಬೈಲಿನ ಒಂದೊಂದು ಚಿತ್ರ ನಾಲ್ಕೈದು ಎಂಬಿ ಇರುವುದುಂಟು. ನಾವು ತಾಣವನ್ನು ಪ್ರಕಟಿಸಲಿರುವ ಉಚಿತ ಸೇವೆಯಾದ ಗಿಟ್‌ಹಬ್ ಪೇಜಸ್‌ನಲ್ಲಿ ಇಡೀ ತಾಣ 1 ಜಿಬಿ ಮೀರುವಂತಿಲ್ಲ. ಆದ್ದರಿಂದ ಮೂಲ ಚಿತ್ರಗಳನ್ನು ಹಾರ್ಡ್ ಡಿಸ್ಕಿನಲ್ಲಿ ಬೇರೆಯಾಗಿಟ್ಟು, 2000 ಪಿಕ್ಸೆಲ್ ಅಗಲಕ್ಕೆ ಇಳಿಸಿದ ಪ್ರತಿಗಳನ್ನು ಮಾತ್ರ ತಾಣದ ಫೋಲ್ಡರಿಗೆ ಹಾಕಬೇಕು. ದೊಡ್ಡ ಚಿತ್ರಗಳನ್ನು ಒಮ್ಮೆ ಗಿಟ್‌ಗೆ ಸೇರಿಸಿ ಆಮೇಲೆ ಅಳಿಸಿದರೂ ಅದರ ಇತಿಹಾಸದಲ್ಲಿ ಅವು ಉಳಿದೇ ಇರುತ್ತವೆ. ಪುಟದಲ್ಲಿ ತೋರಿಸುವ ಇನ್ನೂ ಚಿಕ್ಕ ಪ್ರತಿಯನ್ನು, ಉದಾಹರಣೆಗೆ 900 ಪಿಕ್ಸೆಲ್ ಅಗಲದ ವೆಬ್‌ಪಿ ಚಿತ್ರವನ್ನು, ಟೆಂಪ್ಲೇಟಿನಲ್ಲಿ ರೀಸೈಜ್ ಸೂಚನೆ ಕೊಟ್ಟರೆ ಹ್ಯೂಗೋವೇ ಮಾಡಿಕೊಡುತ್ತದೆ.

ಫೈಲಿನ ಹೆಸರುಗಳಲ್ಲಿ ದೊಡ್ಡಕ್ಷರ ಬೇಡ. ವಿಂಡೋಸ್ ದೊಡ್ಡಕ್ಷರ, ಸಣ್ಣಕ್ಷರಗಳ ನಡುವೆ ಭೇದವೆಣಿಸುವುದಿಲ್ಲ, ಸರ್ವರ್ ಎಣಿಸುತ್ತದೆ. ನಿಮ್ಮ ಗಣಕದಲ್ಲಿ ಕಂಡ ಚಿತ್ರ ಜಾಲದಲ್ಲಿ ಕಾಣದಿರುವುದಕ್ಕೆ ಸಾಮಾನ್ಯ ಕಾರಣಗಳಲ್ಲಿ ಇದೊಂದು.

ಸ್ಥಳದ ವಿವರದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಕಾವಲಿಲ್ಲದ ಕಡೆ ನಿಂತಿರುವ ಶಿಲ್ಪ, ವೀರಗಲ್ಲುಗಳು ಕಳವಾಗುವ ಅಪಾಯವಿದೆ. ಮೊಬೈಲ್ ಚಿತ್ರಗಳ ಒಳಗೆ ಜಿಪಿಎಸ್ ಸ್ಥಾನ ಅಡಗಿರಬಹುದು. ಮೂಲ ಚಿತ್ರ ಪೇಜ್ ಬಂಡಲಿನಲ್ಲಿದ್ದರೆ, ಪುಟದಲ್ಲಿ ತೋರಿಸದಿದ್ದರೂ ಹ್ಯೂಗೋ ಸಾಮಾನ್ಯವಾಗಿ ಅದನ್ನೂ ಪ್ರಕಟಿಸುತ್ತದೆ. ಗಿಟ್‌ಹಬ್‌ನಲ್ಲಿ ನಿಮ್ಮ ಫೈಲುಗಳಿರುವ ಭಂಡಾರ (ರೆಪಾಸಿಟರಿ) ಸಾರ್ವಜನಿಕವಾಗಿದ್ದರೆ ಫ್ರಂಟ್ ಮ್ಯಾಟರ್ ಮತ್ತು ಕರಡು ಪುಟಗಳನ್ನೂ ಯಾರು ಬೇಕಾದರೂ ಓದಬಹುದು. ಹೀಗಾಗಿ ಸ್ಥಾನದ ಮಾಹಿತಿಯನ್ನು ಚಿತ್ರಗಳಿಂದ ಮೊದಲೇ ತೆಗೆದುಹಾಕಿ, ಕಾವಲಿಲ್ಲದ ಕಲ್ಲುಗಳಿಗೆ ಊರಿನ ಹೆಸರನ್ನಷ್ಟೇ ಕೊಡಿ. ಜಮೀನಿನ ಒಡೆಯರ ಹೆಸರು, ಫೋನ್ ಸಂಖ್ಯೆ ಬೇಡವೇ ಬೇಡ. ನಿಖರವಾದ ಸ್ಥಾನವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಪ್ರಕಟಿಸುವುದು, ಹಂಚುವುದು

ಗಿಟ್‌ಹಬ್‌ನಲ್ಲಿ ಖಾತೆ ತೆರೆದು, ಸಾರ್ವಜನಿಕ ಭಂಡಾರವೊಂದನ್ನು ಮಾಡಿ, ತಾಣದ ಫೋಲ್ಡರನ್ನು ಗಿಟ್ ಮೂಲಕ ಅಲ್ಲಿಗೆ ಕಳಿಸಿ. ಭಂಡಾರದ ಸೆಟ್ಟಿಂಗ್ಸ್‌ನಲ್ಲಿ ಪೇಜಸ್ ವಿಭಾಗಕ್ಕೆ ಹೋಗಿ ಮೂಲವನ್ನು ಗಿಟ್‌ಹಬ್ ಆಕ್ಷನ್ಸ್ ಎಂದು ಆರಿಸಿ, ಹ್ಯೂಗೋಗೆಂದು ಅಲ್ಲಿಯೇ ಸಿಗುವ ಸಿದ್ಧ ವರ್ಕ್‌ಫ್ಲೋವನ್ನು (ತಾಣವನ್ನು ತಾನಾಗಿ ಕಟ್ಟುವ ಸೂಚನೆಗಳ ಫೈಲನ್ನು) ಸೇರಿಸಿದರೆ, ಅಂದಿನಿಂದ ನೀವು ಬದಲಾವಣೆ ಕಳಿಸಿದಾಗಲೆಲ್ಲ ತಾಣ ತಾನಾಗಿಯೇ ಹೊಸದಾಗುತ್ತದೆ. ವರ್ಕ್‌ಫ್ಲೋದಲ್ಲಿ ಹ್ಯೂಗೋದ ಆವೃತ್ತಿ ಸಂಖ್ಯೆ ಬರೆದಿರುತ್ತದೆ. ನಿಮ್ಮ ಗಣಕದಲ್ಲಿರುವುದೂ ಅದೇ ಆಗಿರಲಿ.

ಮೊದಲ ಸಲ ಎರಡು ತೊಂದರೆಗಳು ಎದುರಾಗಬಹುದು. ಪುಟ ತೆರೆದರೂ ಬಣ್ಣ, ವಿನ್ಯಾಸ ಏನೂ ಇಲ್ಲದಿದ್ದರೆ ಸೆಟ್ಟಿಂಗ್ ಫೈಲಿನ ವಿಳಾಸದಲ್ಲಿ ಭಂಡಾರದ ಹೆಸರು ಬಿಟ್ಟುಹೋಗಿದೆಯೇ ಎಂದು ನೋಡಿ. ಬರೆದ ಪುಟವೇ ಕಾಣದಿದ್ದರೆ ಒಂದೋ ಕರಡು ಎಂಬ ಗುರುತು ಉಳಿದಿದೆ, ಇಲ್ಲವೇ ಅದರ ಸಮಯ ಇನ್ನೂ ಬಂದಿಲ್ಲವೆಂದು ಹ್ಯೂಗೋ ತಿಳಿದಿದೆ. ಕೈಯಾರೆ ಬರೆದ ಸಮಯವನ್ನು ಅದು ಜಾಗತಿಕ ಕಾಲಮಾನವೆಂದು ಎಣಿಸುವುದರಿಂದ, ಬೆಳಿಗ್ಗೆ ಹತ್ತು ಗಂಟೆಯೆಂದು ನಮೂದಿಸಿದ ಪುಟವು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರೂವರೆಯವರೆಗೆ ಭವಿಷ್ಯದ್ದಾಗಿಯೇ ಇರುತ್ತದೆ. ಸೆಟ್ಟಿಂಗ್ ಫೈಲಿನಲ್ಲಿ ಟೈಮ್‌ಝೋನನ್ನು ಏಷ್ಯಾ/ಕೋಲ್ಕತಾ ಎಂದು ಕೊಟ್ಟರೆ ಇದು ಸರಿಹೋಗುತ್ತದೆ.

ಇಂಟರ್ನೆಟ್ ಇಲ್ಲದ ಶಾಲೆಗೂ ಈ ತಾಣವನ್ನು ಕೊಡಬಹುದು. ರಿಲೇಟಿವ್ ಯುಆರ್‌ಎಲ್ಸ್ ಮತ್ತು ಅಗ್ಲಿ ಯುಆರ್‌ಎಲ್ಸ್ ಎಂಬ ಎರಡು ಆಯ್ಕೆಗಳನ್ನು ಚಾಲೂ ಮಾಡಿದ ಇನ್ನೊಂದು ಸೆಟ್ಟಿಂಗ್ ಫೈಲನ್ನಿಟ್ಟು "ಹ್ಯೂಗೋ" ಕಮ್ಯಾಂಡನ್ನು ಓಡಿಸಿದರೆ, ಪಬ್ಲಿಕ್ ಎಂಬ ಫೋಲ್ಡರಿನಲ್ಲಿ ಇಡೀ ತಾಣ ಸಿದ್ಧವಾಗುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಪ್ರತಿಮಾಡಿ, ಮುಖಪುಟದ ಫೈಲನ್ನು ಎರಡು ಸಲ ಒತ್ತಿದರೆ ಬ್ರೌಸರಿನಲ್ಲಿ ತೆರೆಯುತ್ತದೆ. ಕೊಡುವ ಮುನ್ನ ಇಂಟರ್ನೆಟ್ ತೆಗೆದು ಪುಟಗಳು, ಚಿತ್ರಗಳು, ಫಾಂಟು ಎಲ್ಲವೂ ಬರುತ್ತವೆಯೇ ಎಂದು ಪರೀಕ್ಷಿಸಿ. ಥೀಮು ಹೊರಗಿನಿಂದ ಏನನ್ನಾದರೂ ಎಳೆಯುತ್ತಿದ್ದರೆ ಇಲ್ಲಿ ತಿಳಿದುಬರುತ್ತದೆ. ಗಿಟ್‌ಹಬ್ ಭಂಡಾರದಲ್ಲಿ ಇನ್ನೊಬ್ಬರಿಗಾದರೂ ಬರೆಯುವ ಅನುಮತಿ ಕೊಡಿ. ಹೊಸ ಪುಟವನ್ನು ಸೇರಿಸುವ ಕ್ರಮವನ್ನೂ, ಚಿತ್ರ ಮತ್ತು ಬರಹಗಳನ್ನು ಯಾವ ಪರವಾನಗಿಯಲ್ಲಿ ಬಳಸಬಹುದೆಂಬುದನ್ನೂ ರೀಡ್‌ಮಿ ಎಂಬ ಫೈಲಿನಲ್ಲಿ ಕನ್ನಡದಲ್ಲಿಯೇ ಬರೆದು, ಅದನ್ನು ತಾಣದ ಫೋಲ್ಡರಿನ ಮೊದಲಿನಲ್ಲಿಡಿ.